ಯಜಮಾನಿ ಹೇಂಟೆಗೆ ಎರಡು ಬಾಗಿಲಿನ ಗೂಡು

ಜಾಗ ಸಕಲೇಶಪುರ ತಾಲ್ಲೂಕಿನ ಒಂದು ಕಾಫಿ ತೋಟದ ಹಿತ್ತಲು. ಕೋಳಿಮನೆ 12 ಅಡಿ ಉದ್ದ, 8 ಅಡಿ ಅಗಲ. ಮೇಲೆ ಹಂಚು, ಮೂರು ಕಡೆ ಇಟ್ಟಿಗೆ ಗೋಡೆ, ಪೂರ್ವಕ್ಕೆ ಜಾಲರಿ. ಇರುವುದು 14 ಹೇಂಟೆ, ಒಂದು ಹುಂಜ. ಹೇಂಟೆಗಳಲ್ಲಿ ದೊಡ್ಡ ಮೈಯ ಗಿರಿರಾಜ ತಳಿಯವು ಐದು, ಉಳಿದ ಒಂಬತ್ತು ನಾಟಿ. ದೂರು ಏನೆಂದರೆ, ಮೊಟ್ಟೆ ಗೂಡು ನಾಲ್ಕಿದ್ದರೂ ಒಂದು ಹೇಂಟೆ ಮಿಕ್ಕವರನ್ನು ಹತ್ತಗೊಡುವುದಿಲ್ಲ. ದಿನಕ್ಕೆ ಏಳೆಂಟು ಮೊಟ್ಟೆ ಬೀಳುವ ಕಾಲದಲ್ಲಿ ಗೂಡಿನಲ್ಲಿ ಸಿಗುತ್ತಿದ್ದುದು ಮೂರು. ಉಳಿದವು ನೆಲದ ಮೇಲೆ, ಸೌದೆ ರಾಶಿಯ ಹಿಂದೆ, ಕಾಫಿ ಗಿಡದ ಬುಡದಲ್ಲಿ. ಹಾಗೆ ಹೊರಗೆ ಬಿದ್ದದ್ದರಲ್ಲಿ ಮುಂಗುಸಿಗೂ ಕೇರೆ ಹಾವಿಗೂ ಪಾಲು ಹೋಗುತ್ತದೆ.

ಇಂಥದ್ದಕ್ಕೆ ಊರಲ್ಲಿ ಸಿದ್ಧ ಉತ್ತರ ಒಂದಿದೆ: ಆ ಹೇಂಟೆಯನ್ನೇ ಸಾರಿಗೆ ಹಾಕಿ. ಸಾರು ಚೆನ್ನಾಗಿರಬಹುದು, ಗೂಡಿನ ಸಮಸ್ಯೆ ಹೋಗುವುದಿಲ್ಲ. ಕೋಳಿಗಳಲ್ಲಿ ಮೇಲು-ಕೆಳಗಿನ ಸಾಲು ಇದ್ದೇ ಇರುತ್ತದೆ. ಯಾರು ಯಾರನ್ನು ಕುಕ್ಕಬಹುದು ಅನ್ನುವ ಈ ಲೆಕ್ಕವನ್ನು ನಾರ್ವೆಯ ಪ್ರಾಣಿಶಾಸ್ತ್ರಜ್ಞ ಷೆಲ್ಡರುಪ್-ಎಬ್ಬೆ 1921ರಲ್ಲೇ ಬರೆದಿಟ್ಟ. ಮೇಲಿನದನ್ನು ತೆಗೆದರೆ ಎರಡನೆಯದು ವಾರದೊಳಗೆ ಅದೇ ಜಾಗದಲ್ಲಿ ನಿಂತಿರುತ್ತದೆ. ಒಬ್ಬಳೇ ನಿಂತು ಕಾಯಬಹುದಾದ ಹಾಗೆ ಗೂಡು ಕಟ್ಟಿದ್ದರೆ ಕಾಯುವವಳು ಹುಟ್ಟಿಯೇ ಹುಟ್ಟುತ್ತಾಳೆ. ಆದ್ದರಿಂದ ರಿಪೇರಿ ಮೊದಲು ಗೂಡಿಗೆ.

ಮೊದಲ ಬೆಳಗ್ಗೆ: ಕೈಗೆ ಗರಗಸ ಬೇಡ, ಕುರ್ಚಿ ಸಾಕು

ಹೆಚ್ಚಿನ ಹೇಂಟೆಗಳು ಮೊಟ್ಟೆ ಇಡುವುದು ಬೆಳಕು ಹರಿದ ಮೇಲಿನ ನಾಲ್ಕೈದು ಗಂಟೆಯಲ್ಲಿ. ಬೆಳಗ್ಗೆ 7ರಿಂದ 11ರವರೆಗೆ ಜಾಲರಿಯಿಂದ ಆರೇಳು ಅಡಿ ಹಿಂದೆ ಅಲ್ಲಾಡದೆ ಕೂತು ನೋಡಬೇಕು. ಅದಕ್ಕೆ ಮುಂಚೆ, ಹಿಂದಿನ ರಾತ್ರಿ ಕೋಳಿ ಗಳದ ಮೇಲೆ ತೂಕಡಿಸುವಾಗ, ಕಾಲಿಗೆ ಬಣ್ಣಬಣ್ಣದ ಪ್ಲಾಸ್ಟಿಕ್ ಉಂಗುರ ಹಾಕಿ. ನೂಲು ಕಟ್ಟಬೇಡಿ. ಒದ್ದೆಯಾಗಿ ಬಿಗಿದುಕೊಂಡು ಕಾಲು ಊದುತ್ತದೆ.

ಕಂಡದ್ದು ಇಷ್ಟು. ಜೋರು ಮಾಡುತ್ತಿದ್ದುದು ಗಾತ್ರದ ಗಿರಿರಾಜ ಅಲ್ಲ, ಒಂದೂವರೆ ಕಿಲೋ ತೂಗದ ಹಳೇ ನಾಟಿ, ಕೆಂಪು ಉಂಗುರದ್ದು. ಗೂಡುಗಳ ಮುಂದೆ ಕೋಳಿ ಹತ್ತಿ ನಿಲ್ಲಲಿ ಎಂದು ಕಟ್ಟಿದ ನಾಲ್ಕಡಿ ಬಿದಿರಿನ ಮೇಲೆ ಆ ಕಡೆಯಿಂದ ಈ ಕಡೆಗೆ ಇವಳ ಓಡಾಟ. ಇನ್ನೊಂದು ಹೇಂಟೆ ಜಿಗಿದು ಬಂದರೆ ಕತ್ತು ಉದ್ದ ಮಾಡಿ, ಕುತ್ತಿಗೆಯ ಪುಕ್ಕ ಕೆದರಿಕೊಂಡು, ಜುಟ್ಟಿನ ಹಿಂಬದಿಗೆ ಸರಿಯಾಗಿ ಒಂದು ಕುಕ್ಕು. ಅಷ್ಟಕ್ಕೇ ಬಂದವಳು ಕೆಳಗೆ. ಆಮೇಲೆ ಇವಳೇ ಗೂಡಿಗೆ ಹೋಗಿ, ಎರಡು ಎಸಳು ಹುಲ್ಲನ್ನು ಬೆನ್ನ ಮೇಲೆ ಎಸೆದುಕೊಂಡು, ಐದು ನಿಮಿಷ ಕೂತು, ಮೊಟ್ಟೆ ಇಡದೆಯೇ ಎದ್ದು ಬಂದು ಮತ್ತೆ ಬಿದಿರು ಹತ್ತುತ್ತಾಳೆ. ಕೆಳಗೆ ಕಾದವಳು ಒಂದು ಗಂಟೆ ಮೂಲೆಮೂಲೆ ಸುತ್ತಿ, ತಡೆಯಲಾರದೆ ಗೂಡಿನ ಅಡಿಯಲ್ಲೇ ಕುಕ್ಕರಿಸಿ ಇಟ್ಟುಬಿಡುತ್ತಾಳೆ.

ಇಲ್ಲಿ ಒಂದು ಎಚ್ಚರ. ಗೂಡು ಬಿಡದ ಹೇಂಟೆಯೆಲ್ಲ ಯಜಮಾನಿಯಲ್ಲ. ಕಾವಿಗೆ ಕೂತದ್ದೂ ಹೀಗೇ ಕುಕ್ಕುತ್ತದೆ. ಆದರೆ ಅದು ಮೈ ಚಪ್ಪಟೆ ಮಾಡಿ ದಿನವಿಡೀ ಅಲ್ಲೇ ಇರುತ್ತದೆ, ಕೈ ಹಾಕಿದರೆ ಉಬ್ಬಿಕೊಂಡು ಗುರುಗುಟ್ಟುತ್ತದೆ, ಎದೆಯ ಪುಕ್ಕ ಉದುರಿರುತ್ತದೆ, ದಿನಕ್ಕೊಮ್ಮೆ ಇಳಿದಾಗ ಹಾಕುವ ಹಿಕ್ಕೆ ದಪ್ಪ ಉಂಡೆಯಾಗಿ ಗಬ್ಬು ನಾರುತ್ತದೆ. ಅಂಥದ್ದಕ್ಕೆ ಮರಿ ಬೇಕಿದ್ದರೆ ಬೇರೆ ಕೋಣೆಯಲ್ಲಿ ಬುಟ್ಟಿಗೆ ಹತ್ತು ಹನ್ನೆರಡು ಮೊಟ್ಟೆ ಇಟ್ಟು 21 ದಿನ ಕೂರಿಸಿ. ಬೇಡವಾದರೆ ತಳಕ್ಕೆ ಜಾಲರಿ ಇರುವ, ನೆಲದಿಂದ ಎತ್ತಿ ಇಟ್ಟ ಪಂಜರದಲ್ಲಿ ಹುಲ್ಲು ಹಾಕದೆ, ನೀರು ಮೇವು ಕೊಟ್ಟು ಮೂರು ನಾಲ್ಕು ದಿನ ಬಿಡಿ. ಹೊಟ್ಟೆಗೆ ಕೆಳಗಿನಿಂದ ಗಾಳಿ ತಾಗಿದರೆ ಕಾವು ಇಳಿಯುತ್ತದೆ. ಕೆಂಪು ಉಂಗುರದ್ದು ಕಾವಿನದಲ್ಲ.

ನಾಲ್ಕು ಗೂಡಿನ ಲೆಕ್ಕ ನಿಜವಾಗಿ ಒಂದೇ

ನಾಲ್ಕೈದು ಹೇಂಟೆಗೆ ಒಂದು ಗೂಡು ಅನ್ನುವುದು ರೂಢಿಯ ಲೆಕ್ಕ. ಹಾಗೆ ನೋಡಿದರೆ ಹದಿನಾಲ್ಕಕ್ಕೆ ನಾಲ್ಕು ಸಾಕು. ಕೋಳಿ ಹೊರಗೆ ಹೋದ ಮೇಲೆ ಒಂದೊಂದಕ್ಕೂ ತಲೆ ತೂರಿಸಿ ನೋಡಿದಾಗ ಗುಟ್ಟು ಗೊತ್ತಾಯಿತು.

ನಾಲ್ಕೂ ಪಶ್ಚಿಮದ ಗೋಡೆಗೆ ಕೂತಿವೆ, ಮುಖ ಪೂರ್ವಕ್ಕೆ. ಮಲೆನಾಡಿನಲ್ಲಿ ಎಲ್ಲರೂ ಮಾಡುವುದೇ ಇದು. ಮುಂಗಾರಿನ ಇರಚಲು ನೈಋತ್ಯದಿಂದ ಬಡಿಯುವುದರಿಂದ ಆ ಕಡೆ ಗೋಡೆ, ಗೋಡೆಗೆ ಬೆನ್ನು ಕೊಟ್ಟು ಗೂಡು. ಮಳೆಯ ಲೆಕ್ಕದಲ್ಲಿ ಸರಿ. ಆದರೆ ಮೊಟ್ಟೆ ಇಡುವ ಹೊತ್ತಿಗೇ ಜಾಲರಿಯ ಮೂಲಕ ಎಳೆ ಬಿಸಿಲು ನೇರವಾಗಿ ಗೂಡಿನೊಳಗೆ ಬೀಳುತ್ತದೆ, ಹೇಂಟೆಗೆ ಬೇಕಾದದ್ದು ಕತ್ತಲೆ. ಒಂದು ಮತ್ತು ಎರಡನೆಯ ಗೂಡು ಇದೇ ಕಾರಣಕ್ಕೆ ಖಾಲಿ. ಮೂರನೆಯದರಲ್ಲಿ ಕತ್ತಲೆ ಇದೆ, ಜೊತೆಗೆ ಕೆಂಪು ನುಸಿಯೂ ಇದೆ. ನಾಲ್ಕನೆಯದು ಬಾಗಿಲಿನ ಮರೆಯ ಮೂಲೆಯಲ್ಲಿ ಕತ್ತಲಾಗಿ ಬೆಚ್ಚಗಿದೆ. ಹದಿನಾಲ್ಕಕ್ಕೂ ಅದೊಂದೇ ಬೇಕು. ಒಂದರ ಮೇಲೆ ಒಂದು ಮೊಟ್ಟೆ ಇರುವ ಗೂಡನ್ನೇ ಹೇಂಟೆ ನಂಬುವುದರಿಂದ ಬೇಡಿಕೆ ಇನ್ನೂ ಏರುತ್ತದೆ.

ನುಸಿಯನ್ನು ಹಗಲಲ್ಲಿ ಹುಡುಕಿದರೆ ಸಿಗದು. ಹಗಲು ಹಲಗೆ ಸಂದಿಯಲ್ಲಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ಕತ್ತಲಾಗಿ ಎರಡು ಗಂಟೆ ಕಳೆದ ಮೇಲೆ ಟಾರ್ಚ್ ಹಿಡಿದು, ಬಿಳಿ ಕಾಗದವನ್ನು ಸಂದಿಗೆ ಎಳೆದು ನೋಡಿ. ಕಾಗದದ ಮೇಲೆ ಕೆಂಪು ಗೀರು ಎದ್ದರೆ ಅದೇ. ಅಡಿಕೆ ದಬ್ಬೆಯ ಗೂಡು ಅಗ್ಗ, ನೋಡಲೂ ಚೆಂದ, ಆದರೆ ದಬ್ಬೆ ದಬ್ಬೆಯ ನಡುವಿನ ಸಂದಿ ನುಸಿಗೆ ಛತ್ರವಿದ್ದಂತೆ. ಕೋಳಿಮನೆಯ ಗೋಡೆಗೆ ದಬ್ಬೆ ಇರಲಿ, ಮೊಟ್ಟೆ ಗೂಡಿಗೆ ಬೇಡ.

ಇನ್ನೊಂದು ದೋಷ ಅಳತೆಯದು. ಈ ಗೂಡುಗಳು ನಾಟಿಗೆಂದು ಮಾಡಿದವು, ಒಳಗೆ 10 ಇಂಚು ಅಗಲ. ಮೂರು ಕಿಲೋ ಹತ್ತಿರದ ಗಿರಿರಾಜ ಅದರಲ್ಲಿ ತಿರುಗಲಾರದು. ತಿರುಗಿದರೆ ಮೊಟ್ಟೆ ತುಳಿಯುತ್ತದೆ. ಒಡೆದ ಮೊಟ್ಟೆಯ ರುಚಿ ಹತ್ತಿದ ಹೇಂಟೆ ಮುಂದೆ ಬೇಕೆಂದೇ ಒಡೆಯುತ್ತದೆ. ಗಿರಿರಾಜ, ಸ್ವರ್ಣಧಾರ ತಳಿ ಇದ್ದಲ್ಲಿ 12 ಇಂಚಿಗೆ ಕಡಿಮೆ ಬೇಡ, 14 ಇದ್ದರೆ ಒಳ್ಳೆಯದು.

ಹಳೇ ಗೂಡಿನ ರಿಪೇರಿ

ಮೊದಲ ಕೆಲಸ ಬಿದಿರು ಕತ್ತರಿಸುವುದು. ಈ ಇಡೀ ರಿಪೇರಿಯಲ್ಲಿ ಕಾಸಿಲ್ಲದ ಕೆಲಸ ಇದೊಂದೇ, ಫಲ ಹೆಚ್ಚು ಕೊಟ್ಟದ್ದೂ ಇದೇ. ಗೂಡುಗಳ ಉದ್ದಕ್ಕೂ ಒಂದೇ ಗಳ ಇದ್ದರೆ ಅದು ಯಜಮಾನಿಗೆ ಪಹರೆಯ ದಾರಿ. ಒಬ್ಬಳೇ ನಿಂತು ನಾಲ್ಕು ಬಾಗಿಲು ಕಾಯಬಹುದು. ಅದನ್ನು ತೆಗೆದು, ಎರಡು ತುದಿಗೆ ಮಾತ್ರ 8 ಇಂಚಿನ ತುಂಡು ಉಳಿಸಿದ್ದು. ನಡುವೆ ಕಾಲೂರಲು ಏನೂ ಇಲ್ಲ.

ಆಮೇಲೆ ಒಂದು-ಎರಡರ ನಡುವಿನ ಹಲಗೆ, ಮೂರು-ನಾಲ್ಕರ ನಡುವಿನ ಹಲಗೆ ಬಿಚ್ಚಿದ್ದು. ಹತ್ತಿಂಚಿನ ನಾಲ್ಕು ಗೂಡು ಇಪ್ಪತ್ತಿಂಚಿನ ಎರಡಾದವು. ಎರಡು ಹೇಂಟೆ ಪಕ್ಕಪಕ್ಕ ಕೂರಬಹುದು, ಗಿರಿರಾಜ ಆರಾಮವಾಗಿ ತಿರುಗಬಹುದು. ಮಧ್ಯದ ಹಲಗೆ ಉಳಿಸಿ, ಅದಕ್ಕೆ ಮುಂದಕ್ಕೆ 8 ಇಂಚು ಚಾಚುವ ಹಾಗೆ ಇನ್ನೊಂದು ತುಂಡು ಜೋಡಿಸಿದ್ದು. ಇದು ಮರೆ. ಕೋಳಿ ಕಣ್ಣಿಗೆ ಕಾಣದ ಎದುರಾಳಿಯ ಜೊತೆ ಜಗಳಕ್ಕೆ ಹೋಗುವುದಿಲ್ಲ.

ನುಸಿಗೆ: ಹುಲ್ಲನ್ನೆಲ್ಲ ತೆಗೆದು ದೂರ ಸುಟ್ಟು, ಸಂದಿಗಳಿಗೆ ಕುದಿಯುವ ನೀರು ಹೊಯ್ದು, ಬಿಸಿಲಲ್ಲಿ ಒಣಗಿಸಿ, ಗಟ್ಟಿ ಸುಣ್ಣ ಎರಡು ಸಲ ಬಳಿದದ್ದು. ಸಂದಿಯೊಳಗೆ ಬ್ರಷ್ ತುದಿಯಿಂದ ಸುಣ್ಣ ಒತ್ತಬೇಕು, ಮೇಲೆ ಬಳಿದರೆ ಗೋಡೆ ಬೆಳ್ಳಗಾಗುತ್ತದೆ ಅಷ್ಟೆ. ಏಳು ದಿನಕ್ಕೆ ಇನ್ನೊಮ್ಮೆ ಮಾಡಲೇಬೇಕು. ಮೊದಲ ಸಲ ಉಳಿದ ಮೊಟ್ಟೆಗಳು ಒಡೆದು ಅಷ್ಟರಲ್ಲಿ ಹೊಸ ನುಸಿ ಎದ್ದಿರುತ್ತವೆ. ಲಕ್ಕಿ ಸೊಪ್ಪು ಹಾಕುವ ರೂಢಿ ಇದೆ, ಹಾಕಿ, ಬೇಡ ಅನ್ನುವುದಿಲ್ಲ. ಅದನ್ನೇ ನಂಬಿ ಸುಣ್ಣ ಬಿಡಬೇಡಿ.

ಹೊಸ ಗೂಡು: ಅಳತೆ

ಯಜಮಾನಿಗೆ ಮದ್ದು ಬಾಗಿಲೆರಡಿರುವ ಗೂಡು. ಒಂದೇ ಬಾಗಿಲಿದ್ದರೆ ಒಳಗಿನವಳಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಮೂಲೆಗೆ ಸಿಕ್ಕಿಕೊಂಡು ಜುಟ್ಟು ಹರಿಸಿಕೊಳ್ಳುತ್ತಾಳೆ, ಆಮೇಲೆ ಆ ಗೂಡಿನ ಕಡೆಗೇ ತಿರುಗುವುದಿಲ್ಲ. ಎರಡಿದ್ದರೆ ಒಬ್ಬಳು ಬಂದ ಕಡೆಯಿಂದ ಇನ್ನೊಬ್ಬಳು ಹೊರಡಬಹುದು, ಎರಡನ್ನೂ ಏಕಕಾಲಕ್ಕೆ ಕಾಯಲು ಆಗದು.

ಎಂಟು-ನಾಲ್ಕು ಅಡಿಯ 12 ಮಿಲಿಮೀಟರ್ ಪ್ಲೈವುಡ್ ಹಾಳೆ ಒಂದು ಸಾಕು. ಒಳ ಅಳತೆ 36 ಇಂಚು ಉದ್ದ, 16 ಇಂಚು ಆಳ, 15 ಇಂಚು ಎತ್ತರ. ತುಂಡುಗಳು ಹೀಗೆ:

ತಳ, 36 × 16, ಒಂದು.
ಪಕ್ಕ, 16 × 15½, ಎರಡು.
ಮುಂಬದಿ ಮತ್ತು ಹಿಂಬದಿ, 37 × 15½, ಒಂದೊಂದು.
ಮುಚ್ಚಳ, 37 × 17, ಒಂದು.
ಒಳಮರೆ, 8 × 15, ಒಂದು.
ಇಳಿಜಾರಿಗೆ 17 ಇಂಚಿನ ಚೌಕ ಒಂದು, ಮೂಲೆಯಿಂದ ಮೂಲೆಗೆ ಸೀಳಿ ಎರಡು ತ್ರಿಕೋನ.

ಮುಂಬದಿಯ ಹಲಗೆಯಲ್ಲಿ ಮೇಲಂಚಿನಿಂದ ಕೆಳಕ್ಕೆ 10 ಇಂಚು, ಅಗಲ 9 ಇಂಚು, ಎರಡು ಕಿಂಡಿ. ಗೂಡಿನ ಒಳಗೋಡೆಯಿಂದ ಎರಡೆರಡು ಇಂಚು ಬಿಟ್ಟು ಕತ್ತರಿಸಿದರೆ ನಡುವೆ 14 ಇಂಚು ಮುಚ್ಚಿದ ಹಲಗೆ ಉಳಿಯುತ್ತದೆ, ಅದರ ಹಿಂದೆಯೇ ಒಳ್ಳೆಯ ಕತ್ತಲೆ. ಕಿಂಡಿಯ ಕೆಳಗೆ ತಳದಿಂದ 5 ಇಂಚಿನ ಹೊಸ್ತಿಲು ನಿಲ್ಲುತ್ತದೆ. ಇದಕ್ಕೆ ಕಡಿಮೆಯಾದರೆ ಹುಲ್ಲಿನ ಜೊತೆ ಮೊಟ್ಟೆಯೂ ಕೆರೆತಕ್ಕೆ ಹೊರಗೆ ಬರುತ್ತದೆ.

ಒಳಮರೆಯನ್ನು ಮುಂಬದಿಯ ಸರಿ ನಡುವಿಗೆ, ಒಳಗಡೆ, ನೇರ ನಿಲ್ಲಿಸಬೇಕು. ಆಳ 16, ಮರೆ 8, ಹಿಂದೆ 8 ಇಂಚಿನ ದಾರಿ. ಗಿರಿರಾಜ ನುಸುಳುವಷ್ಟು. ಆರು ಇಂಚು ಬಿಟ್ಟರೆ ನಾಟಿ ದಾಟುತ್ತದೆ, ಗಿರಿರಾಜ ಸಿಕ್ಕಿಹಾಕಿಕೊಳ್ಳುತ್ತದೆ.

ಜೋಡಣೆಗೆ ಒಂದೂಕಾಲು ಇಂಚಿನ ಸ್ಕ್ರೂ. ಪ್ಲೈವುಡ್ಡಿನ ಅಂಚಿಗೆ ನೇರ ಸ್ಕ್ರೂ ಹಾಕಿದರೆ ಸೀಳುತ್ತದೆ, ಸಣ್ಣ ತೂತು ಕೊರೆದುಕೊಂಡೇ ಹಾಕಿ. ಬಲಕ್ಕೆ ರೀಪು ಬೇಕೆನಿಸಿದರೆ ಹೊರಮೂಲೆಗೆ ಕೊಡಿ. ಒಳಮೂಲೆಗೆ ಕೊಟ್ಟ ರೀಪಿನ ಹಿಂದೆ ನುಸಿ ಸಂಸಾರ ಹೂಡುತ್ತದೆ. ಒಳಗಿನ ಸಂದಿಗಳಿಗೆ ಮರದ ಹುಡಿಯನ್ನು ಫೆವಿಕಾಲ್‌ನಲ್ಲಿ ಕಲಸಿ ಮೆತ್ತಿ, ಒಣಗಿದ ಮೇಲೆ ಸುಣ್ಣ.

ಮುಚ್ಚಳದ ಮೇಲೆ 45 ಡಿಗ್ರಿ ಇಳಿಜಾರು ಬೇಕು. ಸಮತಟ್ಟು ಇದ್ದರೆ ಕೋಳಿ ರಾತ್ರಿ ಅಲ್ಲೇ ಮಲಗಿ ಹಿಕ್ಕೆ ಹಾಕುತ್ತದೆ, ಹಗಲು ಯಜಮಾನಿ ಅಲ್ಲಿ ನಿಂತು ಕೆಳಗೆ ಬಗ್ಗಿ ಕುಕ್ಕುತ್ತಾಳೆ. ಎರಡು ತ್ರಿಕೋನಗಳನ್ನು ಮುಚ್ಚಳಕ್ಕೆ ನಿಲ್ಲಿಸಿ, 37 × 24 ಇಂಚಿನ ತಗಡು ಹೊಡೆದದ್ದು. ಇಲ್ಲೊಂದು ಎಡವಟ್ಟು. ಮುಚ್ಚಳಕ್ಕೆ ಮೊದಲು ಹಿಂಬದಿಯಲ್ಲಿ ಕೀಲು ಹಾಕಿತ್ತು. ಗೂಡನ್ನು ಗೋಡೆಗೆ ಕೂರಿಸಿ ಎತ್ತಲು ಹೋದರೆ ಏಳುವುದೇ ಇಲ್ಲ, ತಗಡಿನ ಮೇಲಂಚು ಗೋಡೆಗೆ ಹೊಡೆಯುತ್ತದೆ. ಕಾಗದದ ಮೇಲೆ ಬರೆದಾಗ ಇದು ಹೊಳೆಯದ ಸಂಗತಿ. ಕೀಲು ಬಿಚ್ಚಿ, ಮುಚ್ಚಳವನ್ನು ಸುಮ್ಮನೆ ಕೂರಿಸಿ, ಎರಡು ಪಕ್ಕಕ್ಕೂ ಒಂದೊಂದು ಕೊಕ್ಕೆ ಹಾಕಿದ ಮೇಲೆ ಸರಿಯಾಯಿತು. ದಿನದ ಮೊಟ್ಟೆಯನ್ನು ಕಿಂಡಿಯಿಂದಲೇ ಕೈ ಹಾಕಿ ತೆಗೆಯಬಹುದು, ಮುಚ್ಚಳ ತೆಗೆಯುವುದು ಹುಲ್ಲು ಬದಲಿಸುವಾಗ ಮಾತ್ರ.

ತಗಡಿನ ಅಂಚನ್ನು ಮಡಚಿ ಬಡಿಯಿರಿ. ಚೂಪು ಬಿಟ್ಟರೆ ಕೋಳಿಗೂ ನಿಮ್ಮ ಕೈಗೂ ಗಾಯ.

ಎಲ್ಲಿ, ಎಷ್ಟು ಎತ್ತರಕ್ಕೆ

ಉತ್ತರದ ಗೋಡೆಗೆ, ಮುಖ ದಕ್ಷಿಣಕ್ಕೆ. ಬೆಳಗಿನ ಬಿಸಿಲು ಒಳಗೆ ಬೀಳದು, ಕೋಳಿಮನೆಯ ಒಳಗೇ ಇರುವುದರಿಂದ ಇರಚಲಿನ ಭಯವೂ ಇಲ್ಲ. ಹಳೇ ಮೆಚ್ಚಿನ ಮೂಲೆಗೂ ಇದಕ್ಕೂ ಹತ್ತಡಿ ದೂರ. ಹೊಸದನ್ನು ಹಳೆಯದರ ಪಕ್ಕಕ್ಕೇ ಕೂರಿಸಿದ್ದರೆ ಯಜಮಾನಿಯ ಸೀಮೆ ಮೂರಡಿ ಬೆಳೆಯುತ್ತಿತ್ತು ಅಷ್ಟೆ.

ತಳ ನೆಲದಿಂದ 18 ಇಂಚು. ನಾಟಿ ಮೂರಡಿಗೂ ಹಾರೀತು, ಗಿರಿರಾಜಕ್ಕೆ ಅದು ಕಷ್ಟ. ರಾತ್ರಿ ಕೂರುವ ಗಳ ಮಾತ್ರ ಗೂಡಿಗಿಂತ ಮೇಲೇ ಇರಬೇಕು, ಇಲ್ಲಿ ಮೂರಡಿಗೆ ಇದೆ. ಗಳ ಕೆಳಗಿದ್ದರೆ ಎತ್ತರದ ಜಾಗವೆಂದು ಗೂಡಿನಲ್ಲೇ ಮಲಗುತ್ತವೆ. ತಲೆಗೆ 10 ಇಂಚಿನಂತೆ ಹದಿನೈದಕ್ಕೆ ಹದಿಮೂರಡಿ ಹತ್ತಿರ ಗಳ ಬೇಕು, ಒಂದೇ ಎತ್ತರದಲ್ಲಿ ಎರಡು ಸಾಲು.

ಖಾಲಿ ಗೂಡೇ ಸುಮಾರು 14 ಕಿಲೋ ತೂಗುತ್ತದೆ, ಮೂರು ಕೋಳಿ ಕೂತರೆ ಇಪ್ಪತ್ತು ದಾಟುತ್ತದೆ. 12 ಇಂಚಿನ ಎಲ್ ಆಂಗಲ್ ಎರಡು, ಗೋಡೆಗೆ ರಾಲ್ ಪ್ಲಗ್ ಹಾಕಿ. ಮಣ್ಣಿನ ಗೋಡೆಯಾದರೆ ಪ್ಲಗ್ ನಿಲ್ಲದು. ಸಿಲ್ವರ್ ಓಕಿನ ಎರಡು ಗೂಟ ನೆಟ್ಟು ಮುಂಬದಿಗೆ ಆಸರೆ ಕೊಡಿ. ಕಿಂಡಿಯ ಮುಂದೆ ಹತ್ತಲು ಒಂಬತ್ತೊಂಬತ್ತು ಇಂಚಿನ ಎರಡು ಬೇರೆ ಬೇರೆ ತುಂಡು. ಬಿದಿರು ಒದ್ದೆಯಾದರೆ ಜಾರುತ್ತದೆ, ಗಿಡ ಸವರಿದಾಗ ಸಿಗುವ ಒಣ ಕಾಫಿ ಕಾಂಡ ಸಿಪ್ಪೆ ಸಮೇತ ಹಾಕಿದರೆ ಉಗುರಿಗೆ ಹಿಡಿತ ಸಿಗುತ್ತದೆ.

ಹಾಸು ಮತ್ತು ಪರದೆ

ಭತ್ತದ ಹುಲ್ಲನ್ನು ಗೇಣುದ್ದ ಕತ್ತರಿಸಿ ನಾಲ್ಕು ಇಂಚು ದಪ್ಪ. ಕೆಳಗೆ ಮಿಲ್ಲಿನಿಂದ ತಂದ ಸಿಲ್ವರ್ ಓಕಿನ ಕೀಸಿದ ಸಿಪ್ಪೆ ಒಂದು ಪದರ. ಬರೀ ಉಮಿ ಹಾಕಿದರೆ ಕೋಳಿ ಕೆದಕಿದ ಕೂಡಲೆ ಬದಿಗೆ ಸರಿದು ಮೊಟ್ಟೆ ಹಲಗೆಗೆ ತಾಗುತ್ತದೆ. ಮರದ ಹುಡಿ ಬೇಡ, ಮೂಗಿಗೆ ಹೋಗುತ್ತದೆ. ತೋಟದಲ್ಲಿ ರಾಶಿ ಬಿದ್ದಿದೆ ಎಂದು ಕಾಫಿ ಹೊಟ್ಟು ಹಾಕುವವರಿದ್ದಾರೆ. ಈ ಹವೆಯಲ್ಲಿ ಅದು ನೀರೆಳೆದು ಬೂಷ್ಟು ಕಟ್ಟುತ್ತದೆ, ಆ ಬೂಷ್ಟಿನ ಧೂಳು ಕೋಳಿಯ ಶ್ವಾಸಕ್ಕೆ ಕೆಟ್ಟದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಲ್ಲನ್ನೂ ವಾರಕ್ಕೊಮ್ಮೆ ಬದಲಿಸಿ.

ಹಳೇ ಗೂಡುಗಳ ಬಿಸಿಲು ತಡೆಯಲು ಗೋಣಿಚೀಲದ ಪರದೆ, ಎರಡಿಂಚು ಅಗಲದ ಪಟ್ಟಿಗಳಾಗಿ ಸೀಳಿ. ಪೂರ್ತಿ ಇಳಿಬಿಟ್ಟ ಮೊದಲ ದಿನ ಒಂದು ಹೇಂಟೆಯೂ ಹತ್ತಿರ ಸುಳಿಯಲಿಲ್ಲ. ಎತ್ತಿ ಕಟ್ಟಿ ಮೂರನೇ ಒಂದು ಭಾಗ ಮಾತ್ರ ಇಳಿಸಿ, ದಿನಕ್ಕೆರಡು ಇಂಚು ಇಳಿಸುತ್ತ ಬಂದರೆ ಐದಾರು ದಿನದಲ್ಲಿ ತಲೆಯಿಂದ ತಳ್ಳಿಕೊಂಡು ಹೋಗುವುದನ್ನು ಕಲಿಯುತ್ತವೆ. ಗೋಣಿಯಲ್ಲೂ ನುಸಿ ಸೇರುತ್ತದೆ, ತಿಂಗಳಿಗೊಮ್ಮೆ ಸುಟ್ಟು ಹೊಸದು ಕಟ್ಟಿ.

ಮೂರನೇ ದಿನದಿಂದ

ಹೊಸ ಗೂಡಿಗೆ ಮರದ ಮೊಟ್ಟೆ ಎರಡು ಇಟ್ಟು, ಹನ್ನೊಂದು ಗಂಟೆಯವರೆಗೆ ಕೋಳಿಗಳನ್ನು ಹೊರಗೆ ಬಿಡದೆ ಇಟ್ಟದ್ದು. ಎರಡು ದಿನ ಬರೀ ಇಣುಕಿದವು. ಮೂರನೇ ದಿನ ಗಿರಿರಾಜವೊಂದು ಎಡ ಕಿಂಡಿಯಿಂದ ಹೋಗಿ ಕೂತಿತು. ಕೆಂಪು ಉಂಗುರದವಳು ಹತ್ತಡಿ ಓಡಿ ಬಂದು ಎಡಗಡೆಯ ತುಂಡಿನ ಮೇಲೆ ನಿಂತಳು. ಒಳಗಿನದು ಮರೆಯ ಹಿಂದಿನಿಂದ ಬಲಕ್ಕೆ ಸರಿದು ಅಲ್ಲೇ ಕೂತಿತು. ಇವಳು ಇಳಿದು ಬಲಕ್ಕೆ ಬಂದಾಗ ಮತ್ತೆ ಎಡಕ್ಕೆ. ಮೂರು ಸಲ ಹೀಗಾದ ಮೇಲೆ ಇವಳು ಹಳೇ ಮೂಲೆಗೆ ಹೋದಳು, ಅಷ್ಟರಲ್ಲಿ ಅಲ್ಲಿ ಎರಡು ನಾಟಿ ಕೂತಾಗಿತ್ತು.

ಜಗಳ ಕಡಿಮೆಯಾಯಿತು, ನಿಲ್ಲಲಿಲ್ಲ. ಸಾಲಿನಲ್ಲಿ ಕೊನೆಯದಾದ ಕಪ್ಪು ನಾಟಿಯ ಜುಟ್ಟಿನ ಹಿಂದೆ ರಕ್ತ ಕಂಡದ್ದರಿಂದ ಎರಡನೇ ಹೆಜ್ಜೆ ಬೇಕಾಯಿತು. ರಕ್ತ ಕಂಡರೆ ಮಿಕ್ಕವೂ ಅಲ್ಲೇ ಕುಕ್ಕುತ್ತವೆ. ಪೊವಿಡೋನ್ ಅಯೋಡಿನ್‌ನಿಂದ ಒರೆಸಿ, ಗಾಯ ಒಣಗುವವರೆಗೆ ಅದನ್ನು ಬೇರೆ ಇಡಬೇಕು. ಯಜಮಾನಿಯನ್ನು ನಾಲ್ಕು ದಿನ ಕಣ್ಣಿಗೂ ಕಾಣದ ಕಡೆ, ಇಲ್ಲಿ ಹಳೇ ದನದ ಕೊಟ್ಟಿಗೆಯಲ್ಲಿ, ಕೂಡಿಹಾಕಿದ್ದು. ಪಕ್ಕದ ಪಂಜರದಲ್ಲೇ ಇಟ್ಟರೆ ಜಾಲರಿಯ ಆಚೆಯಿಂದಲೇ ದರ್ಬಾರು ನಡೆಯುತ್ತದೆ. ವಾಪಸ್ ತಂದದ್ದು ರಾತ್ರಿ, ಗಳದ ತುದಿಗೆ. ಬೆಳಗ್ಗೆ ಎದ್ದಾಗ ಅವಳು ಹೊಸಬಳ ಹಾಗೆ ಸಾಲಿನಲ್ಲಿ ಕೆಳಗೆ.

ಮೇವಿನ ತೊಟ್ಟಿಯನ್ನೂ ಒಂದು ಇದ್ದದ್ದನ್ನು ಎರಡು ಮಾಡಿ ಎದುರುಬದುರು ಇಟ್ಟದ್ದು. ತಲೆಗೆ ನಾಲ್ಕು ಇಂಚಿನ ಲೆಕ್ಕದಲ್ಲಿ ಹದಿನೈದಕ್ಕೆ 60 ಇಂಚು ಅಂಚು ಬೇಕು, ಎರಡು ಬದಿಯಿಂದ ತಿನ್ನುವ ತೊಟ್ಟಿಯಾದರೆ ಒಟ್ಟು ಎರಡೂವರೆ ಅಡಿ ಸಾಕು. ನೀರೂ ಎರಡು ಕಡೆ. ಬರೀ ಜೋಳ, ನುಚ್ಚು ಹಾಕುವ ಮನೆಗಳಲ್ಲಿ ಪುಕ್ಕ ಕೀಳುವ ಚಟ ಹೆಚ್ಚು. ಮೊಟ್ಟೆ ಕೋಳಿಯ ಮೇವಿನಲ್ಲಿ ಪ್ರೋಟೀನ್ 16 ಶೇಕಡಾ ಆದರೂ ಇರಲಿ, ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡಿ. ಸಿಪ್ಪೆ ತೆಳುವಾದರೆ ಎಂಥ ಗೂಡಿನಲ್ಲೂ ಮೊಟ್ಟೆ ಒಡೆಯುತ್ತದೆ.

ಮೂರನೇ ವಾರದ ಕೊನೆಗೆ ಏಳೆಂಟರಲ್ಲಿ ಆರೇಳು ಗೂಡಿನಲ್ಲೇ. ಸೌದೆ ರಾಶಿಯ ಹಿಂದೆ ಒಂದು ಮಾತ್ರ ತಪ್ಪದೆ ಸಿಗುತ್ತಿತ್ತು. ಹುಡುಕಿದರೆ ಅದು ಎಡಗಾಲು ಕುಂಟುವ ನಾಟಿಯದು. ಹದಿನೆಂಟು ಇಂಚು ಹತ್ತಲಾಗದವಳಿಗೆ ಯಜಮಾನಿ ಇದ್ದರೇನು, ಬಿಟ್ಟರೇನು. ಆಗ್ನೇಯ ಮೂಲೆಯಲ್ಲಿ ಹಳೇ ಮಂಕರಿಯೊಂದನ್ನು ಅಡ್ಡ ಮಲಗಿಸಿ, ಉರುಳದ ಹಾಗೆ ಎರಡೂ ಬದಿಗೆ ಇಟ್ಟಿಗೆ ಕೊಟ್ಟು, ಬಾಯಿಗೆ ಮೂರಿಂಚಿನ ಹಲಗೆ ಅಡ್ಡ ಇಟ್ಟು ಹುಲ್ಲು ತುಂಬಿದ್ದು. ಮರುದಿನವೇ ಅಲ್ಲಿ ಕೂತಳು. ಮಂಕರಿ ಹೆಣಿಗೆಯಲ್ಲಿ ನುಸಿ ಸೇರುವುದು ಬೇಗ, ಹದಿನೈದು ದಿನಕ್ಕೊಮ್ಮೆ ಬಿಸಿಲಿಗೆ ಹಾಕಿ ಕೊಡವಬೇಕು.